ಜರಡಿಯ ಮೇಲೆ ಬಂದ ಅಮ್ಮ

ನಮ್ಮ ಮನೆಯಲ್ಲಿ ಅದಕ್ಕೆ ಜರಡಿ ಎಂದೇ ಹೆಸರು. ಪೆಟ್ಟಿಗೆಯ ಮೇಲೆ ಮಿನಿ ಟ್ರ್ಯಾಂಪೊಲಿನ್ ಎಂದು ಬರೆದಿತ್ತು. ನನ್ನ ಗಂಡ ಅದರ ಕುಳ್ಳ ಕಾಲುಗಳನ್ನೆಲ್ಲ ತಿರುಗಿಸಿ ಕೂರಿಸಿ, ನಡುವಿನ ಕಪ್ಪು ಬಟ್ಟೆಯನ್ನು ಅಂಗೈಯಿಂದ ಒತ್ತಿ ನೋಡಿ, "ಇದೇನೇ ಇದು, ರಾಗಿ ಜರಡಿ ಇದ್ದಂಗೈತೆ. ಇದ್ರ ಮ್ಯಾಲೆ ನೀನು ಕುಣೀತೀಯಾ?" ಎಂದರು. ಕುಣಿಯುವುದಲ್ಲ, ಪುಟಿಯುವುದು ಎಂದು ತಿದ್ದಿದೆ. ಸಮಾಜ ಪಾಠ ಹೇಳುವವಳು ನಾನು, ತಿದ್ದದಿದ್ದರೆ ಉಂಡ ಅನ್ನ ಅರಗುವುದಿಲ್ಲ. "ನೋಡೋರ್ಗೆ ಎರಡೂ ಒಂದೇ ಬುಡು" ಎಂದು ಅವರು ಚಹಾ ಕುಡಿಯಲು ಹೋದರು. ಆ ಮಾತನ್ನು ಅವತ್ತೇ ಕಿವಿಗೆ ಹಾಕಿಕೊಂಡಿದ್ದರೆ ಇದನ್ನು ಬರೆಯುವ ಗತಿ ನನಗೆ ಬರುತ್ತಿರಲಿಲ್ಲ.

ಐವತ್ತು ದಾಟಿದ ಹೆಂಗಸು, ಹೊಳೆನರಸೀಪುರದ ಹೈಸ್ಕೂಲೊಂದರ ಮೇಡಂ, ಇಂಥದ್ದನ್ನು ಹತ್ತಿ ಪುಟಿಯುವ ಹಂತಕ್ಕೆ ಬಂದದ್ದು ತವರಿನ ಆರತಿಯಿಂದ. ನನ್ನ ತವರು ಅರಕಲಗೂಡಿಗೆ ಹತ್ತಿರದ ಹಳ್ಳಿ. ಅಲ್ಲಿ ಊರಮ್ಮನ ಹಬ್ಬಕ್ಕೆ ಮನೆಗೊಂದು ತಂಬಿಟ್ಟಿನ ಆರತಿ ಹೊರಡುತ್ತದೆ. ಅಕ್ಕಿಹಿಟ್ಟು ಬೆಲ್ಲ ಕಲಸಿ ಗೋಪುರದಂತೆ ತಟ್ಟಿ, ನೆತ್ತಿಯಲ್ಲಿ ಗುಳಿ ಮಾಡಿ, ತುಪ್ಪದ ಬತ್ತಿ ಹಚ್ಚಿ, ಸುತ್ತ ಹೊಂಬಾಳೆ ಸಿಕ್ಕಿಸಿ, ಹಿತ್ತಾಳೆ ತಟ್ಟೆಯಲ್ಲಿಟ್ಟು ತಲೆಯ ಮೇಲೆ ಹೊರಬೇಕು. ಬರಿಗಾಲು. ಗುಡಿ ಮುಟ್ಟುವವರೆಗೆ ದೀಪ ಆರಬಾರದು. ನಮ್ಮ ವಂಶದಲ್ಲಿ ಅದನ್ನು ಹೊರುವುದು ಮನೆಯಲ್ಲಿ ಹುಟ್ಟಿದ ಹೆಣ್ಣು, ಸೊಸೆಯರಲ್ಲ. ಅವ್ವ ಸೊಸೆಯಾಗಿ ಬಂದವಳಾದ್ದರಿಂದ ಅವಳ ತಲೆಗೆ ಆರತಿ ಏರಲೇ ಇಲ್ಲ. ಅದಕ್ಕೇ ನಾನು ಹೊತ್ತಾಗಲೆಲ್ಲ ಅವಳು ನನ್ನ ಪಕ್ಕದಲ್ಲೇ ನಡೆಯುತ್ತಿದ್ದಳು. ನಡೆಯುವಾಗ ಊರವರ ಮುಖ ನೋಡುತ್ತಿದ್ದಳೇ ಹೊರತು ನನ್ನನ್ನಲ್ಲ. ನನ್ನ ಮಗಳು ನೋಡ್ರಪ್ಪಾ ಎನ್ನುವ ನಡಿಗೆ ಅದು.

ಹೋದ ವರ್ಷ ಹೊಸದಾಗಿ ಕಾಂಕ್ರೀಟ್ ಹಾಕಿದ ಬೀದಿಯ ಅಂಚಿನಲ್ಲಿ ನನ್ನ ಎಡಗಾಲು ಜಾರಿ ಒಳಮಗ್ಗುಲಿಗೆ ಮಡಿಸಿಕೊಂಡಿತು. ಮೊದಲೂ ಆಗಾಗ ಉಳುಕುತ್ತಿದ್ದ ಕಾಲು. ಎಣ್ಣೆ ತಿಕ್ಕಿ, ಬಟ್ಟೆ ಸುತ್ತಿ, ಶಾಲೆಗೆ ಓಡುತ್ತಿದ್ದೆ. ಈ ಸಲ ನಾನು ಬಿದ್ದೆ, ನನಗಿಂತ ಮೊದಲು ಆರತಿ ಬಿತ್ತು. ತಂಬಿಟ್ಟು ಎರಡು ಹೋಳಾಗಿ ಒಂದು ಹೋಳು ಚರಂಡಿಗೆ ಉರುಳಿತು. ತಮಟೆ ನಿಂತಿತು. ಭೂಮಿ ಬಾಯಿ ಬಿಟ್ಟು ನುಂಗಬಾರದೇ ಎಂದು ಕತೆಯಲ್ಲಿ ಓದುವಾಗ ನಗುತ್ತಿದ್ದವಳು ನಾನು. ಅವತ್ತು ಮನಸ್ಸಾರೆ ಕೇಳಿಕೊಂಡೆ, ಭೂಮಿ ಬಾಯಿ ಬಿಡಲಿಲ್ಲ. ರಸ್ತೆ ಮಾಡಿದವನನ್ನು ಬಾಯಿಗೆ ಬಂದಂತೆ ಬೈದೆ. ಗುಂಪಿನಲ್ಲಿ ಯಾರೋ ಹೆಂಗಸು, "ಕುಣಿಯಲಾರದೋಳು ನೆಲ ಡೊಂಕು ಅಂದ್ಲಂತೆ" ಎಂದಳು. ತಿರುಗಿ ನೋಡುವ ಮುಖ ನನಗಿರಲಿಲ್ಲ.

ಅವ್ವ ಚರಂಡಿಯ ಪಕ್ಕ ನೆಲದಲ್ಲೇ ಕೂತು ತಂಬಿಟ್ಟಿನ ಚೂರುಗಳನ್ನೆಲ್ಲ ಸೆರಗಿಗೆ ಆರಿಸಿಕೊಂಡಳು. ಹಳದಿ ಬಟ್ಟೆಯಲ್ಲಿ ತಪ್ಪುಗಾಣಿಕೆ ಕಟ್ಟಿ ಗುಡಿಗೆ ಒಪ್ಪಿಸಿ ಬಂದಳು. ಅಲ್ಲಿಂದಾಚೆಗೆ ಸಂಜೆ ಹೊತ್ತು ಗುಡಿಯ ಜಗುಲಿಗೆ ಹೋಗಿ ಕೂರುವುದನ್ನು ಬಿಟ್ಟಳು. ಹಟ್ಟಿ ಮುಂದೆ ಒಬ್ಬಳೇ ಅವರೆಕಾಯಿ ಸುಲಿಯುತ್ತಾ ಕೂರುತ್ತಾಳೆ ಎಂದು ತಮ್ಮನ ಹೆಂಡತಿ ಫೋನಿನಲ್ಲಿ ಹೇಳಿದಳು. ಯಾಕೆ ಎಂದು ನಾನು ಕೇಳಲಿಲ್ಲ. ಈ ವರ್ಷವೂ ನನ್ನ ಕಾಲು ನಿಲ್ಲದಿದ್ದರೆ ಆರತಿ ಬೇರೆಯವರ ತಲೆಗೆ ಹೋಗುತ್ತದೆ, ನನಗೆ ಬೀಳಿಸಿದವಳು ಎಂಬ ಹೆಸರು ಖಾಯಂ ಆಗುತ್ತದೆ, ಅವ್ವ ಇನ್ನು ಆ ಜಗುಲಿ ಹತ್ತುವುದಿಲ್ಲ. ಇಷ್ಟು ಯಾರೂ ಹೇಳದೆಯೂ ನನಗೆ ಗೊತ್ತಿತ್ತು.

ಹಾಸನದಲ್ಲಿ ಕಾಲು ತೋರಿಸಿದೆ. ಮೂಳೆ ಸರಿಯಾಗಿದೆ, ಕೀಲಿನ ಸುತ್ತ ಬಲವಿಲ್ಲ ಎಂದರು ಡಾಕ್ಟರು. ವ್ಯಾಯಾಮ ಹೇಳಿಕೊಡುವುದಕ್ಕೆ ಒಬ್ಬಳು ಹುಡುಗಿ ಇದ್ದಳು. ಫಿಸಿಯೋ. ನನ್ನ ವಿದ್ಯಾರ್ಥಿನಿಯಾಗಿದ್ದರೂ ಆಶ್ಚರ್ಯವಿಲ್ಲದ ವಯಸ್ಸು. ಅವಳು ನನ್ನನ್ನು ಒಂಟಿ ಕಾಲಲ್ಲಿ ನಿಲ್ಲಿಸಿದಳು, ನಾನು ವಾಲಿ ಅವಳ ಮೇಲೇ ಬಿದ್ದೆ. "ಆಂಟಿ, ಗಟ್ಟಿ ನೆಲದ ಮೇಲೆ ಹಾರಿದ್ರೆ ಮಂಡಿಗೆ ಏಟು. ಟ್ರ್ಯಾಂಪೊಲಿನ್ ತಗೊಳಿ. ಹಾರೋದು ಬೇಡ, ಪಾದ ಬಟ್ಟೆ ಬಿಡಬಾರ್ದು, ಸುಮ್ನೆ ಮೇಲೆ ಕೆಳಗೆ. ಅದು ಅಲ್ಲಾಡ್ತಿದ್ರೆ ಕಾಲು ತಾನಾಗೇ ಹಿಡಿತ ಕಲಿಯುತ್ತೆ" ಎಂದಳು. ಹಿಮ್ಮಡಿ ಎತ್ತಿ ನಿಲ್ಲುವುದು, ಒಂಟಿ ಕಾಲಲ್ಲಿ ನಿಲ್ಲುವುದು, ಅದು ಬಂದ ಮೇಲೆ ಕಣ್ಣು ಮುಚ್ಚಿ ನಿಲ್ಲುವುದು. ಉಸಿರು ಕಟ್ಟಬಾರದು, ಬಾಯಿಂದ ಹೂ ಎಂದು ಬಿಡಬೇಕು. ಕೈಗೆ ಸಿಗುವಂತೆ ಯಾವುದಾದರೂ ಆಸರೆ ಇರಬೇಕು.

ಈ ಆಸರೆಯೇ ನನ್ನ ಮಾನ ಕಳೆದದ್ದು. ನಾವು ತರಿಸಿದ ಜರಡಿಗೆ ಹಿಡಿ ಇರಲಿಲ್ಲ. ಹಾಲಿನಲ್ಲಿ ಹಾಕಿದರೆ ಬಾಗಿಲಿಗೆ ಬಂದವರಿಗೆಲ್ಲ ದರ್ಶನ. ಅಡುಗೆಮನೆಯಲ್ಲಿ ಜಾಗವಿಲ್ಲ. ಕೊನೆಗೆ ಮಹಡಿಯ ಮೇಲಿನ ಒಂಟಿ ಕೋಣೆಗೆ ಸಾಗಿಸಿ, ಕಿಟಕಿಯ ಸರಳು ಹಿಡಿದುಕೊಳ್ಳುವಂತೆ ಇಟ್ಟೆವು. ಕಿಟಕಿಯ ಕೆಳ ಅಂಚು ನನ್ನ ಎದೆಮಟ್ಟಕ್ಕೆ. ಕಾಲು ಯಾರಿಗೂ ಕಾಣಿಸುವುದಿಲ್ಲವಲ್ಲ ಎಂದು ಸಮಾಧಾನ ಮಾಡಿಕೊಂಡೆ. ಕಾಲು ಕಾಣದಿರುವುದೇ ಕೇಡು ಎಂದು ಹೊಳೆಯಲಿಲ್ಲ.

ಮೊದಮೊದಲು ನಾಚಿಕೆಯಿಂದ ಸತ್ತೆ. ಒಬ್ಬಳೇ ಇದ್ದರೂ ನಾಚಿಕೆ. ಮೈಯೆಲ್ಲ ಒಂದೊಂದು ಕಡೆ ಒಂದೊಂದು ಹೊತ್ತಿಗೆ ಅಲುಗುತ್ತದೆ. ತಾಳಿಸರ ಎಗರಿ ಗಲ್ಲಕ್ಕೆ ಬಡಿಯುತ್ತದೆ. ನಮ್ಮಂಥವರನ್ನು ಹುಟ್ಟಿದಾಗಿನಿಂದ ಕುಣೀಬೇಡ, ಓಡಬೇಡ, ಹೆಜ್ಜೆ ಸದ್ದಾಗಬಾರದು ಎಂದು ಬೆಳೆಸಿದ್ದಾರೆ. ಆ ಮೈಯನ್ನು ಐವತ್ತರ ಮೇಲೆ ಪುಟಿ ಎಂದರೆ ಅದು ಎಲ್ಲಿಂದ ಪುಟಿಯುತ್ತದೆ? ಕೆಳಗೆ ಗಂಡ ಕೆಮ್ಮಿದರೂ ಇಳಿದುಬಿಡುತ್ತಿದ್ದೆ. ಆದರೂ ಬಿಡಲಿಲ್ಲ. ಹೆಜ್ಜೆ ತಪ್ಪಿದಾಗಲೆಲ್ಲ ಅವರೆಕಾಯಿ ಸುಲಿಯುತ್ತಾ ಕೂತ ಅವ್ವ ಕಣ್ಣಿಗೆ ಬರುತ್ತಿದ್ದಳು. ಬರಬರುತ್ತಾ ಕಾಲು ಸೆಟೆದು ನಿಲ್ಲತೊಡಗಿತು, ಸರಳನ್ನು ಬಿಟ್ಟೂ ನಿಲ್ಲುವಂತಾದೆ. ಆಮೇಲೆ ಒಂದು ಹುಚ್ಚು ಧೈರ್ಯ ಬಂತು. ತಲೆಗೆ ಸಿಂಬಿ ಇಟ್ಟುಕೊಂಡು, ಅದರ ಮೇಲೆ ನೀರು ತುಂಬಿದ ಚೊಂಬು ಇಟ್ಟು, ಜರಡಿಯ ಮೇಲೆ ನಿಂತು ನೋಡಿದೆ. ಚೊಂಬು ತುಳುಕಿತು, ಬೀಳಲಿಲ್ಲ. ಆ ಬೆಳಿಗ್ಗೆ ಮೈಯೆಲ್ಲ ಒದ್ದೆಯಾಗಿ ಕೆಳಗಿಳಿದು ಬಂದವಳು ಗಂಡ ಕೇಳುವ ಮೊದಲೇ ಉಪ್ಪಿಟ್ಟು ಮಾಡಿ ಹಾಕಿದೆ.

ಶುಕ್ರವಾರಗಳಂದು ತಲೆಗೆ ನೀರು ಹಾಕಿಕೊಂಡು, ಕೆನ್ನೆಗೆ ಅರಿಸಿನ ಹಚ್ಚಿ, ಕೂದಲು ಒಣಗಲಿ ಎಂದು ಬಿಟ್ಟುಕೊಂಡೇ ಜರಡಿ ಹತ್ತುತ್ತಿದ್ದೆ. ಇನ್ನು ಎದುರು ಮನೆಯ ತಾರಸಿಯಿಂದ ನೋಡುವವರಿಗೆ ಏನು ಕಂಡಿರಬೇಕು ಎಂದು ನೀವೇ ಲೆಕ್ಕ ಹಾಕಿ. ಕಿಟಕಿಯಲ್ಲಿ ಒಂದು ಹೆಂಗಸಿನ ತಲೆ. ಕೆದರಿದ ಕೂದಲು, ಹಳದಿ ಮುಖ, ಮುಚ್ಚಿದ ಕಣ್ಣು. ಅದು ಮೇಲೆ ಕೆಳಗೆ, ಮೇಲೆ ಕೆಳಗೆ ಆಡುತ್ತಾ ಹೂ ಹೂ ಎನ್ನುತ್ತಿದೆ.

ಎದುರು ಮನೆಯ ಅಜ್ಜಿ ಒಂದು ಶುಕ್ರವಾರ ನಾನು ಇಳಿದು ಬರುವಷ್ಟರಲ್ಲಿ ನಮ್ಮ ಹಾಲಿನಲ್ಲಿ ಕೂತಿದ್ದರು. ಮಡಿಲಲ್ಲಿ ವೀಳ್ಯದೆಲೆ, ಅಡಿಕೆ, ನಿಂಬೆಹಣ್ಣು, ಕನಕಾಂಬರ. ಅಷ್ಟು ವರ್ಷ ನನ್ನನ್ನು "ಏನ್ ಟೀಚ್ರಮ್ಮ, ಸ್ಕೂಲ್ಗೆ ಓಗಿಲ್ವಾ" ಎಂದು ಕಿಚಾಯಿಸುತ್ತಿದ್ದವರು ಅವತ್ತು ಎದ್ದು ನಿಂತರು.

"ಅಮ್ಮ ಬತ್ತಾಳೆ ನಿಮ್ ಮೈಮ್ಯಾಲೆ ಅಂತ ಏಳ್ನೇ ಇಲ್ವಲ್ಲ ತಾಯಿ. ನಾನೇ ಕಣ್ಣಾರೆ ನೋಡ್ದೆ. ಒಂದ್ ಶುಕ್ರವಾರ ಅಲ್ಲ, ಎಲ್ಡ್ ಶುಕ್ರವಾರ ಅಲ್ಲ."

ನನಗೆ ಅರ್ಥವಾಗುವುದಕ್ಕೆ ಒಂದು ಗಳಿಗೆ ಬೇಕಾಯಿತು. ಅರ್ಥವಾದ ಕೂಡಲೇ ಇಲ್ಲ ಅಜ್ಜಿ, ಅದು ವ್ಯಾಯಾಮ ಎನ್ನಬೇಕಿತ್ತು. ಬಾಯಿಗೆ ಬಂದಿತ್ತು ಕೂಡ. ಅಂದರೆ ಮುಂದೆ? ಎಂಥ ವ್ಯಾಯಾಮ ತೋರಿಸಿ ಎನ್ನುತ್ತಾರೆ, ಮಹಡಿ ಹತ್ತುತ್ತಾರೆ, ಜರಡಿ ನೋಡುತ್ತಾರೆ. ಸಂಜೆಯೊಳಗೆ ಟೀಚ್ರಮ್ಮ ಜರಡಿ ಮೇಲೆ ಕುಣೀತಾಳಂತೆ ಎಂದು ಸಂತೆಯಲ್ಲಿ ಸೊಪ್ಪು ಮಾರುವವರ ತನಕ ಸುದ್ದಿ, ಮಾರನೆಯ ದಿನ ನನ್ನ ತರಗತಿಯಲ್ಲಿ ಹಿಂದಿನ ಬೆಂಚು ಕಿಸಿಕಿಸಿ. ಕುಣಿಯುವ ಟೀಚರಾಗುವುದಕ್ಕಿಂತ ಸುಮ್ಮನಿರುವುದು ಮೇಲು ಎನಿಸಿತು. ನಾನು ಸುಮ್ಮನಾದೆ. ಸುಮ್ಮನಿದ್ದವರು ಒಪ್ಪಿದಂತೆ ಎಂಬುದು ಆ ಅಜ್ಜಿಗೂ ಗೊತ್ತು.

"ನಮ್ ಸೊಸೆ ಮುನಿಸ್ಕಂಡು ದಂಡಿಗನಳ್ಳೀಲಿ ತವರ್ಮನೇಲಿ ಕುಂತವ್ಳೆ. ಮಗೂನೂ ಎತ್ಕಂಡೋಗವ್ಳೆ. ಬತ್ತಾಳಾ ತಾಯಿ?"

"ಬರ್ತಾರೆ, ಹೋಗಿ ಅಜ್ಜಿ" ಎಂದೆ. ಯಾವ ಹೆಂಗಸಾದರೂ ಯಾವ ಅಜ್ಜಿಗಾದರೂ ಹೇಳುವ ಮಾತು ಅದು. ಅವರಿಗೆ ಬೇಗ ಹೊರಡಿ ಎಂದದ್ದು ಅಷ್ಟೇ. ಅಜ್ಜಿ ನಿಂಬೆಹಣ್ಣನ್ನು ನನ್ನ ಕೈಗೆ ಮುಟ್ಟಿಸಿ, ಸೆರಗಿಗೆ ಕಟ್ಟಿಕೊಂಡು ಹೋದರು.

ಸೋಮವಾರ ಸೊಸೆ ಬಂದಳು. ಮಗುವಿನ ಸ್ಕೂಲು ಶುರುವಾಗಿತ್ತು, ಬರಲೇಬೇಕಿತ್ತು. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು. ಆದರೆ ಕಾಗೆಯ ಪರವಾಗಿ ವಾದ ಮಾಡಲು ನಾನು ಬಾಯಿ ತೆರೆಯಲಿಲ್ಲ. ಮುಂದಿನ ಶುಕ್ರವಾರ ಅಜ್ಜಿಯ ಜೊತೆ ಇನ್ನಿಬ್ಬರು ಬಂದರು. ಗಂಡನನ್ನು ಬಾಗಿಲಿಗೆ ಕಳಿಸಿ ತಲೆನೋವು ಎಂದು ಹೇಳಿಸಿದೆ. "ಅಮ್ಮ ಬಂದೋದ್ ಮ್ಯಾಲೆ ಸುಸ್ತಾಯ್ತದೆ, ಪಾಪ" ಎಂದುಕೊಂಡು ಹೊಸ್ತಿಲಿಗೆ ಹೂವಿಟ್ಟು ಹೋದರಂತೆ. ಕಿಟಕಿಗೆ ಹಳೆಯ ಸೀರೆ ಕಟ್ಟಿ ಮುಚ್ಚಿದೆ. ದೇವರಿಗೆ ತೆರೆ ಹಾಕಿದ್ದಾರೆ ಎಂದರು. ಹೋದೆಯಾ ಪಿಶಾಚಿ ಅಂದರೆ ಬಂದೆ ಗವಾಕ್ಷೀಲಿ ಎಂಬ ಗಾದೆಯನ್ನು ಮಕ್ಕಳಿಗೆ ಎಷ್ಟು ಸಲ ಹೇಳಿದ್ದೇನೋ. ಗವಾಕ್ಷಿ ನನ್ನದೇ ಆದಾಗ ನಗು ಬರಲಿಲ್ಲ.

ಗಂಡನಿಗೆ ಮಾತ್ರ ಮೋಜು. ಊಟಕ್ಕೆ ಕೂತಾಗ, "ಅಮ್ಮ, ಈ ಸಾರಿಗೆ ಉಪ್ಪು ಯಾವಾಗ ಬತ್ತದೆ?" ಎಂದು ಕೈ ಮುಗಿಯುತ್ತಿದ್ದರು. ನಾನು ಸೌಟು ಬಿಸಾಡಿದೆ. ಆಗ ಅವರು, "ಲೇ, ತಮಾಷೆಗಂದೆ. ಆದ್ರೆ ಏಳ್ಬುಡು ನೀನು, ಜಾಸ್ತಿ ಬೆಳೆಸ್ಬ್ಯಾಡ" ಎಂದರು. ಸರಿಯಾದ ಮಾತೇ. ಆರತಿ ಮುಗಿಯಲಿ, ಹೇಳಿದರಾಯಿತು ಎಂದುಕೊಂಡೆ.

ಅಷ್ಟರಲ್ಲಿ ಅವ್ವನ ಫೋನು ಬಂತು. ಎದುರು ಮನೆಯ ಅಜ್ಜಿಯ ತಂಗಿಯನ್ನು ನಮ್ಮೂರಿನ ಪಕ್ಕದ ಊರಿಗೆ ಕೊಟ್ಟಿದ್ದಾರೆ ಎಂಬುದು ನನಗೆ ತಿಳಿದೇ ಇರಲಿಲ್ಲ. ಒಂದು ವರ್ಷದಿಂದ ಅವ್ವನ ದನಿ ಫೋನಿನಲ್ಲಿ ಹಳ್ಳದೊಳಗಿಂದ ಬಂದಂತೆ ಬರುತ್ತಿತ್ತು. ಅವತ್ತು ಕಿವಿಯಿಂದ ಫೋನು ದೂರ ಹಿಡಿಯಬೇಕಾಯಿತು.

"ಯಾಕವ್ವ ನನ್ಗೇಳ್ನಿಲ್ಲ ನೀನು? ಎತ್ತ ತಾಯಿಗೇಳ್ಬಾರ್ದಾ? ಈಗ ಗೊತ್ತಾಯ್ತು ಬುಡು. ಓದೊರ್ಸ ಬಿದ್ದಿದ್ದು ನೀನಲ್ಲ ಕಣವ್ವ. ಅಮ್ಮನೇ ಬಂದು ನಿನ್ ಮೈಯೊಕ್ಕಿದ್ದು. ಅಷ್ಟ್ ಭಾರ ನೀನೆಂಗ್ ತಡ್ಕಂಡಿಯೆ? ಊರ್ನೋರೆಲ್ಲ ಅಂಗೇ ಅಂತಾವ್ರೆ. ಇವತ್ತು ಜಗ್ಲಿಮ್ಯಾಲ್ ಕುಂತಿದ್ದೆ, ಎಲ್ರೂ ಬಂದ್ಬಂದು ಮಾತಾಡ್ಸುದ್ರು."

"ಅವ್ವ, ಅದು ಜರಡಿ" ಎಂದೆ.

"ಯಾವ್ ಜರಡಿ?"

ಒಂದು ವರ್ಷದ ಮೇಲೆ ಅವ್ವ ಜಗುಲಿ ಹತ್ತಿದ್ದಾಳೆ. ನನ್ನ ಮಾತೊಂದು ಅವಳನ್ನು ಅಲ್ಲಿಂದ ಎಬ್ಬಿಸಿ ಮತ್ತೆ ಅವರೆಕಾಯಿಯ ಮುಂದೆ ಕೂರಿಸುತ್ತದೆ. ಅವ್ವನಿಗಾಗಿ ಸುಮ್ಮನಾದೆ ಎಂದು ಬರೆದುಬಿಡಬಹುದು, ಅದು ಅರ್ಧ ನಿಜ. ಬಿದ್ದಿದ್ದು ನೀನಲ್ಲ ಎಂದಾಗ ನನ್ನ ಎದೆಯೂ ಹಗುರಾಗಿತ್ತು. ಏನಿಲ್ಲ ಬಿಡವ್ವ ಎಂದು ಫೋನು ಇಟ್ಟೆ. ಮತ್ತೆ ಮಹಡಿ ಹತ್ತಿ, ತೆರೆ ಬಿಟ್ಟುಕೊಂಡು, ಎಡಗಾಲೊಂದರಲ್ಲೇ ನಿಂತೆ. ಕಾಲು ಅಲುಗಲಿಲ್ಲ. ಆರತಿ ಹೊತ್ತು ಗುಡಿ ಮುಟ್ಟಿಸಿದರೆ ಎಲ್ಲ ಸರಿಹೋಗುತ್ತದೆ, ಆಮೇಲೆ ಯಾರು ಏನೆಂದುಕೊಂಡರೂ ನಾನು ಹೊತ್ತದ್ದಂತೂ ಸುಳ್ಳಾಗುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ.

ಹಬ್ಬದ ದಿನ ಬೆಳಿಗ್ಗೆ ಅರಕಲಗೂಡಿನಲ್ಲಿ ಬಸ್ಸಿಳಿದು ಆಟೋ ಹಿಡಿದು ಊರು ಸೇರಿದೆವು. ಗಂಡ ಹಿಂದೆ ಬ್ಯಾಗು ಹೊತ್ತು ಬರುತ್ತಿದ್ದರು. ಬೀದಿಯಲ್ಲಿ ನನ್ನನ್ನು ನೋಡಿದ ಹೆಂಗಸರು ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಹೋದ ವರ್ಷ ಗಾದೆ ಹೇಳಿದ ದನಿಯೇ ಇರಬೇಕು, "ಬನ್ನಿ ತಾಯಿ" ಎಂದಿತು. ಕಾಂಕ್ರೀಟಿನ ಅಂಚು ಹಾಗೇ ಇತ್ತು. ಅದರ ಮೇಲೆ ಬೇಕೆಂದೇ ಎಡಗಾಲಿಟ್ಟು ಇಳಿದೆ. ಏನೂ ಆಗಲಿಲ್ಲ. ಫಿಸಿಯೋ ಹುಡುಗಿಗೆ ಮನಸ್ಸಿನಲ್ಲೇ ಒಂದು ನಮಸ್ಕಾರ ಹಾಕಿದೆ.

ತಮ್ಮನ ಹೆಂಡತಿ ಒಳಗೆ ಹೊಂಬಾಳೆ ಸಿಕ್ಕಿಸುತ್ತಿದ್ದಳು. ಈ ಸಲದ ತಂಬಿಟ್ಟು ಬಲು ಚೆಂದ ಬಂದಿತ್ತು. ನಾನು ಕಾಲು ತೊಳೆದು ಸಿಂಬಿಗೆ ಕೈ ಹಾಕಿದೆ. ಅವಳು ಮೆಲ್ಲಗೆ ನನ್ನ ಕೈಯಿಂದ ಅದನ್ನು ಬಿಡಿಸಿಕೊಂಡಳು.

"ನೀವ್ ಒರಂಗಿಲ್ವಂತೆ ಅತ್ಗೆ. ಅಮ್ಮ ಬರೋರ್ ತಲೆಮ್ಯಾಲೆ ಆರ್ತಿ ಮಡಗಬಾರ್ದಂತೆ. ದೇವ್ರು ಆರ್ತೀನ ಒತ್ಕಂಡೋಯ್ತದಾ? ನಾವು ಒತ್ಕಂಡ್ ಬತ್ತೀವಿ, ನೀವು ಮುಂದೆ ಬೇವಿನ್ಸೊಪ್ಪು ಇಡ್ಕಂಡ್ ನಡೀರಿ. ಪೂಜಾರಪ್ಪನೇ ಏಳ್ಕಳ್ಸವ್ನೆ, ಸೊಸೆ ಒತ್ರೂ ಪರವಾಗಿಲ್ಲ ಅಂತ."

ಅವಳ ಮುಖದಲ್ಲಿ ಕುಹಕವಿದ್ದರೆ ಎಷ್ಟೋ ಚೆನ್ನಾಗಿತ್ತು, ಜಗಳವಾಡಬಹುದಿತ್ತು. ಅವಳು ಸಿಂಬಿಯನ್ನು ತನ್ನ ತಲೆಗಿಟ್ಟು, ತೆಗೆದು, ಮತ್ತೆ ಇಟ್ಟು ನೋಡುತ್ತಿದ್ದಳು. ಮೊದಲ ಸಲ ಹೊರುವವಳ ಹೆದರಿಕೆ ಅದು. ಅಷ್ಟು ಬೆಳಗುಗಳ ನನ್ನ ಬೆವರು, ನಾಚಿಕೆ, ತಲೆಯ ಮೇಲಿನ ಚೊಂಬು ಎಲ್ಲಾ ಇದೊಂದು ನಡಿಗೆಗೆ. ಅದನ್ನು ನನ್ನಿಂದ ಯಾರೂ ಕಿತ್ತುಕೊಳ್ಳಲಿಲ್ಲ, ಬಾಯಿ ಮುಚ್ಚಿ ನಾನೇ ಕೊಟ್ಟುಬಿಟ್ಟಿದ್ದೆ. ಈಗ ಹೇಳುತ್ತೇನೆ ಎಂದುಕೊಂಡು ಅಂಗಳಕ್ಕೆ ಬಂದೆ. ಅಂಗಳದ ತುಂಬ ಹೆಂಗಸರು. ತಮಟೆಯವರು ಹುಲ್ಲು ಉರಿಸಿ ಚರ್ಮ ಕಾಯಿಸಿಕೊಂಡು ಸಿದ್ಧವಾಗಿ ನಿಂತಿದ್ದರು. ನಡುವೆ ಒಂದು ಮಣೆ ಹಾಕಿ, ಅದರ ಮುಂದೆ ಅರಿಸಿನದ ನೀರಿನ ತಂಬಿಗೆ ಹಿಡಿದು ಅವ್ವ ಕಾಯುತ್ತಿದ್ದಳು. ಹೊಸ ಸೀರೆ ಉಟ್ಟಿದ್ದಳು.

"ಅವ್ವ, ಒಳಗೆ ಬಾ, ಒಂದು ಮಾತು" ಎಂದೆ.

"ಆಮ್ಯಾಕೆ. ಮೊದ್ಲು ಮಣೆ ಅತ್ತು ತಾಯಿ."

ತಾಯಿ ಎಂದಳು. ಯಾರೋ ತೋಳು ಹಿಡಿದು ನನ್ನನ್ನು ಮಣೆಯ ಮೇಲೆ ನಿಲ್ಲಿಸಿದರು. ಎಂಬತ್ತರ ಅವ್ವ ಒಂದು ಕೈ ನೆಲಕ್ಕೆ ಊರಿ, ಬಗ್ಗದ ಮಂಡಿಯನ್ನು ಕಷ್ಟಪಟ್ಟು ಬಗ್ಗಿಸಿ ನನ್ನ ಕಾಲ ಬಳಿ ಕೂತಳು. ಬೇಡವ್ವ, ಏಳವ್ವ ಎಂದೆ. ನೀರು ಹುಯ್ದಳು. ಎರಡೂ ಕಾಲಿಗಲ್ಲ, ಎಡಗಾಲಿಗೆ. ಕೀಲಿನ ಎರಡು ಮಗ್ಗುಲನ್ನೂ ಅಂಗೈಯಲ್ಲಿ ತಬ್ಬಿ ಹಿಡಿದು, ತಲೆ ಎತ್ತದೆ, ನನಗೊಬ್ಬಳಿಗೇ ಕೇಳುವಂತೆ ಬೇಡಿಕೊಂಡಳು.

"ಅಮ್ಮಾ, ನೀನ್ ಬಂದಿದ್ದು ಸಂತೋಸ. ಬ್ಯಾಡ ಅನ್ನಾಕಿಲ್ಲ. ಆದ್ರೆ ನನ್ ಮಗಳ ಕಾಲೊಂದ್ ವಾಸಿ ಮಾಡ್ಕೊಡು. ಒಂದೊರ್ಸದಿಂದ ಕುಂಟ್ಕಂಡು ಸ್ಕೂಲ್ಗೋಯ್ತದೆ ಕೂಸು. ನನ್ತಾವ ಏನೂ ಏಳಾಕಿಲ್ಲ ಅದು."

ಬಗ್ಗಿ ಅವಳ ಭುಜ ಹಿಡಿದೆ.

"ಅವ್ವ, ನಾನು. ನಾನೇ ಕಣವ್ವ."

ಅವ್ವ ತಲೆ ಎತ್ತಿದಳು. ಕಣ್ಣು ತುಂಬಿಕೊಂಡಿದ್ದವು. ಎರಡೂ ಕೈ ಜೋಡಿಸಿದಳು.

"ಗೊತ್ತು ಕಣ್ ತಾಯಿ" ಎಂದಳು. "ನೀನೇ ಅಂತ ನಂಗೊತ್ತು."

ನನ್ನ ಪಾದಕ್ಕೆ ಹಣೆ ಇಟ್ಟಳು. ಅಂಗಳದ ಹೆಂಗಸರೆಲ್ಲ ಕೈ ಮುಗಿದರು, ಗಂಡ ಬೇರೆ ಕಡೆ ನೋಡಿದರು. ತಡೆಯಲಾರದ ನಾಚಿಕೆಗೆ ನಾನು ಕಣ್ಣು ಮುಚ್ಚಿಕೊಂಡೆ. ಅದನ್ನೇ ಕಾಯುತ್ತಿದ್ದವರಂತೆ ತಮಟೆಯವರು ಬಾರಿಸಲು ಶುರು ಮಾಡಿದರು.